ಪಂಕಜಾ ಮಿಸ್ ನೀರಿಗಿಳಿದದ್ದು

ಪಂಕಜಾ ಮಿಸ್ ಕೊರಳಲ್ಲಿ ಯಾವಾಗಲೂ ಎರಡು ಸರ ಇರುತ್ತಿದ್ದವು. ಒಂದು ಚಿನ್ನದ್ದು, ತೆಳ್ಳಗಿನದು. ಇನ್ನೊಂದು ಕಪ್ಪು ದಾರ, ಅದರ ತುದಿಗೆ ಹಿತ್ತಾಳೆಯ ಸೀಟಿ. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋದರೂ ಆ ಸೀಟಿ ರವಿಕೆಯೊಳಗೆ ಅಡಗಿ ಕೂರುತ್ತಿತ್ತೇ ಹೊರತು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಮೈಸೂರಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರು. ನಿವೃತ್ತರಾಗಿ, ಯಜಮಾನರೂ ತೀರಿಕೊಂಡ ಮೇಲೆ, ಸಿಂಗಪುರದ ಟ್ಯಾಂಪಿನೀಸ್‌ನಲ್ಲಿದ್ದ ಮಗ ವಿನಯ್‌ನ ಮನೆಗೆ ಬಂದರು. ಸೀಟಿಯೂ ಬಂತು.

ಅವರು ನಮ್ಮದೇ ಬ್ಲಾಕಿನಲ್ಲಿದ್ದಾರೆಂದು ನನಗೆ ಗೊತ್ತಾದದ್ದು ಆ ಸೀಟಿಯಿಂದ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟು ಲಿಫ್ಟಿನಿಂದ ಹೊರಗೆ ಬಂದೆ. ಬ್ಲಾಕಿನ ಬುಡದ ತೆರೆದ ಜಾಗದಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವಲ್ಲಿ, ಒಂದು ಸೀಟಿ ಕೇಳಿಸಿತು. ಯಾಕೆಂದು ತಿಳಿಯುವ ಮೊದಲೇ ನನ್ನ ಬೆನ್ನು ನೆಟ್ಟಗಾಯಿತು. ಹೀಗೆ ಬರೆಯುತ್ತಿರುವಾಗಲೇ ಅನುಮಾನ ಬರುತ್ತಿದೆ: ಬೆನ್ನು ನಿಜವಾಗಿಯೂ ನೆಟ್ಟಗಾಯಿತೇ, ಅಥವಾ ಕತೆ ಹೇಳುತ್ತಾ ಹೇಳುತ್ತಾ ನಾನೇ ಸೇರಿಸಿಕೊಂಡೆನೇ? ಇರಲಿ. ತಿರುಗಿ ನೋಡಿದಾಗ ಕಂಡದ್ದರ ಬಗ್ಗೆ ಅನುಮಾನವಿಲ್ಲ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ ಪಂಕಜಾ ಮಿಸ್ ನಿಂತಿದ್ದರು. ಅವರೆದುರು ನಮ್ಮ ಬ್ಲಾಕಿನ ಚೀನೀ, ಮಲಯ್ ಆಂಟಿಯರು ಸಾಲಾಗಿ ಕೈ ಚಾಚಿಕೊಂಡು ನಿಂತಿದ್ದರು. ಮಿಸ್ ಅಪ್ಪಟ ಕನ್ನಡದಲ್ಲಿ ಮಡಚು, ಬಿಡಿಸು ಎಂದು ಎಣಿಸುತ್ತಿದ್ದರು, ಆಂಟಿಯರು ಹಾಗೆಯೇ ಮೈ ಬಗ್ಗಿಸುತ್ತಿದ್ದರು.

ಹತ್ತಿರ ಹೋಗಿ, ಮಿಸ್, ನಾನು ಲತಾ, ನಿಮ್ಮ ಸ್ಟೂಡೆಂಟ್ ಎಂದೆ. ಅವರು ನನ್ನ ಮುಖ ನೋಡಿದರು. ಗುರುತು ಸಿಕ್ಕವರಂತೆ ನಟಿಸುವ ಅಭ್ಯಾಸ ಅವರಿಗಿರಲಿಲ್ಲ.

"ಮುಖ ನೆನಪಿಲ್ಲ ಕಣೆ. ಎಷ್ಟು ಜನ ಲತಾ ಬಂದ್ರು, ಎಷ್ಟು ಜನ ಹೋದ್ರು. ಆ ಬೆಂಚಿನ ಮೇಲೆ ಬೋರಲು ಮಲ್ಕೊ. ಕಾಲು ನೋಡಿ ಹೇಳ್ತೀನಿ."

ಮಲಗಿದೆ. ಆಫೀಸಿನ ಬಟ್ಟೆಯಲ್ಲಿ, ಲ್ಯಾಪ್‌ಟಾಪ್ ಚೀಲ ನೆಲಕ್ಕಿಟ್ಟು, ವಾಯ್ಡ್ ಡೆಕ್ಕಿನ ಬೆಂಚಿನ ಮೇಲೆ ಮಲಗಿ ಕಪ್ಪೆಯಂತೆ ಕಾಲು ಆಡಿಸಿದೆ. ಅವರು ಹಿಂದೆ ನಿಂತು ನೋಡಿ, ಎಡಗಾಲು ಸೋಮಾರಿ, ಎರಡನೇ ಸಾಲಿನವಳು ನೀನು ಎಂದರು. ಅವರು ಹೇಳಿದ್ದು ಸರಿಯೋ ತಪ್ಪೋ, ನಾನು ಯಾವ ಸಾಲಿನಲ್ಲಿದ್ದೆನೆಂದು ನನಗೇ ನೆನಪಿಲ್ಲ. ಆದರೆ ಆ ದಿನವೆಲ್ಲ ಖುಷಿಯಾಗಿದ್ದೆ.

ಬೆಂಚಿನ ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಈಜುಕೊಳ ಇರಲಿಲ್ಲ. ಊರಿನ ಕೊಳಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ಈಜು ಗೊತ್ತಿಲ್ಲದ ಹುಡುಗಿ ಶಾಲೆ ಬಿಟ್ಟು ಹೋಗಬಾರದೆಂದು ಮಿಸ್ ಅದಕ್ಕೊಂದು ದಾರಿ ಹುಡುಕಿದರು. ಶನಿವಾರ ಕ್ಲಾಸಿನ ಬೆಂಚುಗಳನ್ನು ಮೈದಾನಕ್ಕೆ ಹೊರಿಸುತ್ತಿದ್ದರು. ಯೂನಿಫಾರ್ಮಿನ ಒಳಗೆ ಪೈಜಾಮ ಹಾಕಿಕೊಂಡು ನಾವು ಸಾಲಾಗಿ ಬೋರಲು ಮಲಗುತ್ತಿದ್ದೆವು. ಮಿಸ್ ಸೀಟಿ ಊದಿ ಎಣಿಸುತ್ತಿದ್ದರು: ಮಡಚು, ಬಿಡಿಸು, ಕೂಡಿಸು, ತೇಲು. ಮಡಚು ಎಂದರೆ ಕಾಲು ಮಡಚಬೇಕು. ಬಿಡಿಸು ಎಂದರೆ ಅಗಲಕ್ಕೆ ಒದೆಯಬೇಕು. ಕೂಡಿಸು ಎಂದರೆ ಪಾದ ಜೋಡಿಸಬೇಕು. ತೇಲು ಎಂದಾಗ ಬೆಂಚಿನ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಕೈ ಮುಂದೆ ಚಾಚಿ ಸುಮ್ಮನೆ ಬಿದ್ದಿರುತ್ತಿದ್ದೆವು. ಪಕ್ಕದ ಹುಡುಗರ ಶಾಲೆಯವರು ಕಾಂಪೌಂಡ್ ಹತ್ತಿ ನಗುತ್ತಿದ್ದರು. ಮಿಸ್ ಅವರ ಕಡೆ ನೋಡುತ್ತಲೂ ಇರಲಿಲ್ಲ.

ಸಿಂಗಪುರಕ್ಕೆ ಬಂದ ಮೇಲೆ ನಾನು ಇಲ್ಲಿಯ ಈಜುಕೊಳದಲ್ಲಿ ಕ್ಲಾಸಿಗೆ ಸೇರಿದ್ದೆ. ಮೊದಲ ವಾರವೇ ಕೋಚ್ ನನ್ನ ಕಾಲು ನೋಡಿ, ಎಲ್ಲಿ ಕಲಿತಿದ್ದೀಯ ಎಂದು ಕೇಳಿದ್ದ. ಬೆಂಚಿನ ಮೇಲೆ ಎಂದಾಗ ತಮಾಷೆಯೆಂದುಕೊಂಡು ನಕ್ಕ. ಇದನ್ನು ಮಿಸ್‌ಗೆ ಹೇಳಿದರೆ ಸಂತೋಷಪಡುತ್ತಾರೆಂದು ನಾನು ತಿಳಿದಿದ್ದೆ. ಅವರು ಸಂತೋಷಪಡಲಿಲ್ಲ. ನೀನು ಕಲಿತಿದ್ದು ಇಲ್ಲಿನ ಕೋಚ್ ಹತ್ರ, ಅದು ಲೆಕ್ಕಕ್ಕಿಲ್ಲ ಎಂದರು. ಆಮೇಲೆ ಹೇಳಿದ್ದು ನಾನು ನಿರೀಕ್ಷಿಸದ ಮಾತು.

"ನಾನು ಒಂದು ದಿನಾನೂ ನೀರಿಗಿಳಿದಿಲ್ಲ ಕಣೆ. ಟ್ರೈನಿಂಗ್ ಕಾಲೇಜಲ್ಲಿ ಪುಸ್ತಕ ಇತ್ತು, ಅದರಲ್ಲಿ ಚಿತ್ರ ಇತ್ತು. ಅದನ್ನ ನೋಡಿ ಅಷ್ಟು ಹುಡುಗೀರಿಗೆ ಕಲಿಸ್ಬಿಟ್ಟೆ. ಯಾರಾದ್ರೂ ಒಬ್ಳು ನನ್ನ ನಂಬ್ಕೊಂಡು ಕೆರೆಗಿಳಿದಿದ್ರೆ?"

ಅಲ್ಲಿಂದ ಅವರ ಒಂದೇ ಚಿಂತೆ ನನಗೂ ಅಂಟಿತು. ಅವರಿಗೆ ತಿಳಿಯಬೇಕಾದದ್ದು ಇಷ್ಟೇ: ತಾವು ಕಲಿಸಿದ್ದು ನೀರಿನಲ್ಲಿ ನಡೆಯುತ್ತದೆಯೇ? ಬೇರೆ ಯಾರ ಮೈಯಿಂದಲೂ ಅವರಿಗೆ ಉತ್ತರ ಬೇಕಿರಲಿಲ್ಲ.

ಭಾನುವಾರಗಳಂದು, ವಿನಯ್‌ಗೆ ಲೈಬ್ರರಿಗೆ ಎಂದು ಹೇಳಿ, ಇಬ್ಬರೂ ಈಜುಕೊಳಕ್ಕೆ ಹೋಗತೊಡಗಿದೆವು. ಅದಕ್ಕೂ ಮೊದಲು ಬಟ್ಟೆ ಬೇಕಿತ್ತು. ಮಲಯ್ ಹೆಂಗಸರಿಗಾಗಿ ಮಾಡುವ, ಮೈತುಂಬ ಮುಚ್ಚುವ ಈಜುಡುಪು ಟ್ಯಾಂಪಿನೀಸ್‌ನ ಒಂದು ಅಂಗಡಿಯಲ್ಲಿತ್ತು. ಮಿಸ್ ಕಡುನೀಲಿಯದನ್ನು ಹಾಕಿಕೊಂಡು ಟ್ರಯಲ್ ರೂಮಿನಿಂದ ಹೊರಗೆ ಬಂದು, ಕ್ಯಾಷ್ ಕೌಂಟರ್ ಹಿಡಿದು ನಿಂತು, ಒಂದು ಕಾಲನ್ನು ಹಿಂದಕ್ಕೆ ಮಡಚಿ, ಬಿಡಿಸಿ, ಕೂಡಿಸಿದರು. ಅಂಗಡಿಯ ಹುಡುಗಿ, "ಆಂಟಿ, ವೆರಿ ನೈಸ್ ಲಾ" ಎಂದಳು. ಮಿಸ್ ಕನ್ನಡದಲ್ಲೇ, ನೈಸ್ ಬೇಡ, ಹೊಲಿಗೆ ಗಟ್ಟಿ ಇದೆಯಾ ಎಂದರು.

ಕೊಳದಲ್ಲಿ ಅವರು ಎದೆಮಟ್ಟದ ನೀರಿನವರೆಗೆ ನಡೆದರು. ಮುಖ ಮುಳುಗಿಸಿದರು. ಒಂದು ಕಾಲು ಎತ್ತಿದರು. ಎರಡನೆಯದು ಏಳಲಿಲ್ಲ. ವಾರ ವಾರವೂ ಇದೇ. ಮೈಯೆಲ್ಲ ಸಿದ್ಧವಾಗಿ ನಿಲ್ಲುತ್ತಿತ್ತು, ಆದರೆ ಆ ಒಂದು ಪಾದ ನೆಲ ಬಿಡುತ್ತಿರಲಿಲ್ಲ. ನಾನು ಹೊಟ್ಟೆಯ ಕೆಳಗೆ ಕೈಯಿಡುತ್ತೇನೆ ಎಂದರೂ ಆಗಲಿಲ್ಲ. ಕೊನೆಗೊಂದು ದಿನ ಅವರೇ ತೀರ್ಮಾನ ಕೊಟ್ಟರು: ಈ ನೀರು ಸಪ್ಪೆ. ಉಪ್ಪುನೀರು ಮೈಯನ್ನು ಎತ್ತಿ ಹಿಡಿಯುತ್ತದೆ, ಪುಸ್ತಕದಲ್ಲಿತ್ತು. ತಾವಿನ್ನು ಇಳಿಯುವುದು ಸಮುದ್ರಕ್ಕೇ.

ಟ್ಯಾಂಪಿನೀಸ್‌ನಿಂದ ಬಸ್ಸಿನಲ್ಲಿ ಕೂತರೆ ಸಮುದ್ರ ಹತ್ತಿರವೇ. ಆದರೆ ಅಲ್ಲಿ ದಿಗಂತದ ತುಂಬ ಹಡಗು, ಅದು ಸಮುದ್ರವಲ್ಲ, ಬಂದರಿನ ಹಿತ್ತಲು ಎನ್ನುವುದು ಅವರ ಮಾತು. ಅಷ್ಟರಲ್ಲಿ ವಿನಯ್ ಮತ್ತು ಸೊಸೆ ಸ್ಮಿತಾ ವೆಸಾಕ್, ಅಂದರೆ ಬುದ್ಧಪೂರ್ಣಿಮೆಯ ರಜೆಗೆ ಥಾಯ್ಲೆಂಡಿನ ಹುವಾ ಹಿನ್‌ಗೆ ಹೋಗುವ ಯೋಜನೆ ಹಾಕಿದರು. ಶುಕ್ರವಾರ ರಜೆ, ಜೊತೆಗೆ ಶನಿ, ಭಾನು. ವಿನಯ್‌ನ ಗೆಳೆಯ ಗಿರೀಶನೂ ಬರುತ್ತಿದ್ದ. ನನ್ನ ಗಂಡ ಆ ವಾರ ಕೆಲಸದ ಮೇಲೆ ಜಕಾರ್ತದಲ್ಲಿದ್ದುದರಿಂದ, ಅಮ್ಮನ ರೂಮಿನಲ್ಲಿ ಜೊತೆಗಿರಲು ನೀವೂ ಬನ್ನಿ ಎಂದು ಸ್ಮಿತಾ ಕರೆದಳು. ಮಿಸ್ ಗೋಡೆಯ ಪಂಚಾಂಗ ನೋಡಿದರು. ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದೆನ್ನುವುದು ಅವರ ತವರಿನ ಪದ್ಧತಿ. ವೈಶಾಖದ ಹುಣ್ಣಿಮೆ ಶನಿವಾರದ ಸೂರ್ಯೋದಯಕ್ಕೂ ಇತ್ತು. ಅವರು ಚಟ್ನಿಪುಡಿಯ ಡಬ್ಬದ ಕೆಳಗೆ ನೀಲಿ ಉಡುಪು ಮಡಚಿಟ್ಟು ಸೂಟ್‌ಕೇಸ್ ಮುಚ್ಚಿದರು.

ಅವರ ಉಪಾಯ ಸರಳವಾಗಿತ್ತು. ಶುಕ್ರವಾರ ರಾತ್ರಿ ಗಂಡಸರು ಬೀರು ಕುಡಿದು ಮಲಗುತ್ತಾರೆ, ಶನಿವಾರ ಹೊತ್ತು ಏರುವವರೆಗೆ ಏಳುವುದಿಲ್ಲ. ಅಷ್ಟರಲ್ಲಿ ನಾವು ಸಮುದ್ರ ಮುಗಿಸಿ ಬಂದು ತಿಂಡಿಗೆ ಕೂತಿರಬೇಕು.

ಶುಕ್ರವಾರ ಎಲ್ಲವನ್ನೂ ನೋಡಿದೆವು. ಕೆಂಪು, ಕೆನೆ ಬಣ್ಣದ ಮರದ ರೈಲು ನಿಲ್ದಾಣ ಗೊಂಬೆಮನೆಯ ಹಾಗಿತ್ತು. ಮಿಸ್ ಪ್ಲಾಟ್‌ಫಾರ್ಮಿನ ಗಂಟೆಯ ಹಿತ್ತಾಳೆ ಯಾವ ದರ್ಜೆಯದೆಂದು ಪರೀಕ್ಷಿಸಿದರು. ಊರ ತೆಂಕಣ ತುದಿಯ ಗುಡ್ಡ ಹತ್ತಿದೆವು, ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ಎತ್ತರದ ಬಂಗಾರದ ಬುದ್ಧ. ಮೆಟ್ಟಿಲ ಮೇಲಿನ ಕೋತಿಯೊಂದು ಗಿರೀಶನ ಕೂಲಿಂಗ್ ಗ್ಲಾಸ್ ಕಿತ್ತುಕೊಂಡು, ತನ್ನ ಕಣ್ಣಿಗೇ ಹಿಡಿದು ನೋಡಿತು. ಮಿಸ್ ಸೀಟಿ ಊದಿದರು. ಕೋತಿ ಕನ್ನಡಕ ಬಿಸಾಡಿ ಓಡಿತು. ಈ ಪ್ರಸಂಗವನ್ನು ನಾವೆಲ್ಲರೂ ಹೇಳುತ್ತೇವೆ, ಆದರೆ ಗಿರೀಶ ಹೇಳುವಾಗ ಕೋತಿ ಎರಡಾಗಿರುತ್ತದೆ.

ಎಲ್ಲರೂ ಸಮುದ್ರದಲ್ಲಿ ಕಾಲು ನೆನೆಸಿದಾಗ ಮಿಸ್ ಒಣಮರಳಿನಲ್ಲೇ ನಿಂತರು. ಆಗಿನ್ನೂ ಹುಣ್ಣಿಮೆ ಕೂಡಿರಲಿಲ್ಲ, ಅದು ಮಧ್ಯಾಹ್ನದ ಮೇಲೆ. ಅದನ್ನು ಅರಿಯದ ವಿನಯ್, ಅಮ್ಮನಿಗೆ ನೀರೆಂದರೆ ಅಲರ್ಜಿ ಎಂದು ನಕ್ಕ. ನೀರಿನಂಚಿನಲ್ಲಿ ಬಾಡಿಗೆ ಕುದುರೆಗಳು ಓಡಾಡುತ್ತಿದ್ದವು. ಕುದುರೆ ಹತ್ತಮ್ಮ, ಫೋಟೊ ಚೆನ್ನಾಗಿ ಬರುತ್ತೆ ಎಂದು ಸ್ಮಿತಾ ಒತ್ತಾಯಿಸಿದಳು. ನಾಳೆ ನೋಡೋಣ ಎಂದರು ಮಿಸ್.

ಸಂಜೆ ನೈಟ್ ಮಾರ್ಕೆಟ್ಟಿಗೆ ಹೋದಾಗ ಉಪಾಯಕ್ಕೆ ಕಲ್ಲು ಬಿತ್ತು. ಗಿರೀಶ ಬೀರು ಕೇಳಿದ ಮೊದಲ ಅಂಗಡಿಯವಳು ಇಲ್ಲವೆಂದು ತಲೆಯಾಡಿಸಿದಳು. ಎರಡನೆಯವನೂ ಅಷ್ಟೇ. ಎಲ್ಲ ಫ್ರಿಜ್‌ಗಳ ಮೇಲೂ ಬಟ್ಟೆ ಇಳಿಬಿಟ್ಟಿದ್ದರು. ಬುದ್ಧನ ಹಬ್ಬದ ದಿನ ದೇಶದಲ್ಲೆಲ್ಲೂ ಹೆಂಡ ಮಾರುವುದಿಲ್ಲ ಎಂದು ಹಣ್ಣಿನ ಗಾಡಿಯವಳು ಕೈಮುಗಿದು ತಿಳಿಸಿದಳು.

"ಬುದ್ಧ ಹುಟ್ಟಿದ ದಿನಾನೇ ಬರ್ಬೇಕಿತ್ತಾ ನಾವು?" ಎಂದ ಗಿರೀಶ.

"ನಮಗೆ ರಜ ಕೊಟ್ಟಿದ್ದೇ ಬುದ್ಧ ಕಣೋ," ಎಂದ ವಿನಯ್.

ಮಾಡಲು ಬೇರೇನೂ ಇಲ್ಲದೆ, ಜನ ಹೋಗುತ್ತಿದ್ದ ಕಡೆಗೇ ನಾವೂ ಹೋದೆವು. ಹತ್ತಿರದ ಬೌದ್ಧ ದೇವಸ್ಥಾನದಲ್ಲಿ ಊರಿನವರು ಕೈಯಲ್ಲಿ ಕಮಲದ ಮೊಗ್ಗು, ಊದುಬತ್ತಿ, ಹಚ್ಚಿದ ಮೇಣದ ಬತ್ತಿ ಹಿಡಿದು ಪ್ರದಕ್ಷಿಣೆ ಹಾಕುತ್ತಿದ್ದರು. ಯಾರೋ ಮಿಸ್ ಕೈಗೂ ಒಂದು ಕಮಲ ಕೊಟ್ಟರು. ಅವರು ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ ಸಾಲಿಗೆ ಸೇರಿಕೊಂಡರು. ಚಂದ್ರ ಮೇಲೇರುತ್ತಿದ್ದ. ಅವರ ಮುಖ ಬತ್ತಿಯ ಬೆಳಕಿನಲ್ಲಿ ಶಾಂತವಾಗಿತ್ತು. ಏನು ಪ್ರಾರ್ಥಿಸುತ್ತಿದ್ದಾರೋ ಎಂದು ನಾನು ಪಕ್ಕದಲ್ಲಿ ನಡೆದೆ. ಅವರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಕುಡಿದಿದ್ರೆ ಚೆನ್ನಾಗಿತ್ತು ಕಣೆ. ಈಗ ಇವ್ರು ಬೆಳಿಗ್ಗೆ ಎದ್ದುಬಿಡ್ತಾರೆ."

ಎದ್ದರು. ಶನಿವಾರ ಇನ್ನೂ ಬೂದುಬೆಳಕಿರುವಾಗ ನಾವಿಬ್ಬರೂ ಹೋಟೆಲಿನ ಹಿಂದಿನ ಗೇಟಿನಿಂದ ಮರಳಿಗೆ ಇಳಿದೆವು. ನಮ್ಮ ಕಡೆ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ, ಇಲ್ಲಿ ಅಲ್ಲೇ ಹುಟ್ಟುತ್ತಿದ್ದ. ನೀರು ಹಾಸಿದ ಚಾಪೆಯ ಹಾಗೆ ಮಟ್ಟಸವಾಗಿತ್ತು. ಮಿಸ್ ನೀರಿಗೆ ಅರಿಶಿನ, ಕುಂಕುಮ ಬಿಟ್ಟು ಕೈಮುಗಿದರು. ಸೀರೆ ತೆಗೆದು ಮಡಚಿಟ್ಟರು, ಒಳಗೆ ನೀಲಿ ಉಡುಪು ಮೊದಲೇ ಸಿದ್ಧವಾಗಿತ್ತು. ಆಗ ದೂರದಿಂದ ಕನ್ನಡ ಕೇಳಿಸಿತು. ವಿನಯ್ ಮತ್ತು ಗಿರೀಶ, ಪೂರ್ತಿ ನಿದ್ದೆಯಾಗಿ, ತಲೆ ತಿಳಿಯಾಗಿ, ವಾಕಿಂಗ್ ಬರುತ್ತಿದ್ದರು. ಹಿಂದೆ ಸ್ಮಿತಾ ಫೋಟೊ ತೆಗೆಯುತ್ತಾ ಬರುತ್ತಿದ್ದಳು.

ವಿನಯ್‌ಗೆ ಅಮ್ಮ ಗುರುತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಾದೊಡನೆ ಓಡಿಬಂದ.

"ಅಮ್ಮ, ಏನಿದು? ಬಿಪಿ ಇದೆ ನಿಂಗೆ. ಬೇಡಮ್ಮ, ಪ್ಲೀಸ್. ಏನಾದ್ರೂ ಆದ್ರೆ ಈ ಊರಲ್ಲಿ ಯಾರನ್ನ ಕೇಳ್ಲಿ ನಾನು?"

ಮಿಸ್ ಸೀಟಿ ಊದಿದರು. ಗಿರೀಶ ನಿಂತಲ್ಲೇ ನಿಂತ, ಹಿಮ್ಮಡಿ ಜೋಡಿಸಿಕೊಂಡು. ವಿನಯ್‌ಗೆ ಈಜು ಬರುತ್ತಿತ್ತು, ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಮಿಸ್ ಅವನನ್ನು ಊರಿನ ಕೊಳಕ್ಕೆ ಸೇರಿಸಿದ್ದರಂತೆ. ಅವರು ಮಡಚಿದ ಟವಲ್ಲನ್ನು ಎತ್ತಿಕೊಂಡು ಮಗನ ಹತ್ತಿರ ಹೋದರು.

"ನೀನು ಕಲಿಯೋವಾಗ ನಾನು ಟವಲ್ ಹಿಡ್ಕೊಂಡು ದಡದಲ್ಲಿ ಕೂತಿದ್ದೆ. ನನಗೂ ಹೆದರಿಕೆ ಇತ್ತು. ಹೇಳ್ಲಿಲ್ಲ. ಇವತ್ತು ನೀನು ಹಿಡ್ಕೊ."

ಅವನು ಟವಲ್ ತೆಗೆದುಕೊಂಡ.

ಅಲ್ಲಿಯ ಸಮುದ್ರ ಬೇಗ ಆಳವಾಗುವುದಿಲ್ಲ. ಸೊಂಟದ ಮಟ್ಟಕ್ಕೆ ಬರಲು ಬಹಳ ದೂರ ನಡೆಯಬೇಕಾಯಿತು. ನಾನು ಅಂಗೈಯನ್ನು ಅವರ ಹೊಟ್ಟೆಯ ಕೆಳಗಿಟ್ಟೆ. ಅವರು ಮುಂದಕ್ಕೆ ಬಾಗಿ ಒಂದು ಕಾಲು ಎತ್ತಿದರು. ಎರಡನೆಯದು ನಿಂತೇ ಇತ್ತು. ನಾನು ಎಣಿಸಲೇ ಎಂದೆ. ಅಷ್ಟು ವರ್ಷ ಅವರು ಎಣಿಸಿದ್ದರು, ನಾವು ಮಾಡಿದ್ದೆವು. ಅವರು ಹೂಂ ಎಂದರು. ಮಡಚು ಎಂದೆ. ಬಿಡಿಸು ಎಂದೆ. ಅವರು ತಟ್ಟನೆ ಎರಡೂ ಕಾಲು ಎತ್ತಿದರು, ಅದೇ ಗಳಿಗೆಯಲ್ಲಿ ಕತ್ತೂ ಎತ್ತಿದರು, ಮುಳುಗಿದರು. ಕೆಮ್ಮುತ್ತಾ ಎದ್ದು ನಿಂತಾಗ ವಿನಯ್ ಬಟ್ಟೆ ಸಮೇತ ನೀರಿಗೆ ನುಗ್ಗಿದ್ದ, ಟವಲ್ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಮಿಸ್ ಕೈ ತೋರಿಸಿ ಅವನನ್ನು ಅಲ್ಲೇ ನಿಲ್ಲಿಸಿದರು.

"ತಲೆ ಎತ್ತಿದೆ. ತಪ್ಪು ನಂದು, ಪುಸ್ತಕದ್ದಲ್ಲ. ಎಣಿಸು."

ನಾನು ಮತ್ತೆ ಅಂಗೈಯನ್ನು ಅವರ ಹೊಟ್ಟೆಯ ಕೆಳಗಿಟ್ಟೆ. ಆಗ ಹಿಂದಿನಿಂದ ವಿನಯ್ ಗಟ್ಟಿಯಾಗಿ ಎಣಿಸಿದ: ಮಡಚು, ಬಿಡಿಸು, ಕೂಡಿಸು. ಅವನು ಅದನ್ನು ಇಂದಿಗೂ ಒಪ್ಪುವುದಿಲ್ಲ. ಎಣಿಸಿದ್ದು ಗಿರೀಶ ಎನ್ನುತ್ತಾನೆ, ಗಿರೀಶನಿಗೆ ಆ ಪದಗಳೇ ಗೊತ್ತಿರಲಿಲ್ಲ. ಸ್ಮಿತಾ ತೆಗೆದ ಫೋಟೊದಲ್ಲಿ ತುಂಬ ಆಕಾಶ, ಕೆಳಗೊಂದು ನೀಲಿ ಚುಕ್ಕೆ ಅಷ್ಟೇ ಇದೆ. ಅದು ಮಿಸ್ ಇರಬಹುದು, ದೋಣಿ ಕಟ್ಟುವ ತೇಲುಬುರುಡೆಯೂ ಇರಬಹುದು. ಆ ದಿನದ ನನ್ನ ಡೈರಿಯಲ್ಲಿ ಬರೆದದ್ದು ಇಷ್ಟೇ: ತಿಂಡಿಗೆ ಕಲ್ಲಂಗಡಿ, ಮಿಸ್ ಎರಡು ಸಲ ಹಾಕಿಸಿಕೊಂಡರು. ದೊಡ್ಡದೊಂದು ನಡೆದಾಗ ನಾನು ಯಾಕೆ ಹೀಗೆ ಕಲ್ಲಂಗಡಿ ಬರೆಯುತ್ತೇನೋ!

ಆದರೆ ಒಂದರ ಬಗ್ಗೆ ಮಾತ್ರ ನನ್ನನ್ನು ನಾನು ಪೂರ್ತಿ ನಂಬುತ್ತೇನೆ, ಯಾಕೆಂದರೆ ಅದನ್ನು ಕಂಡದ್ದು ಕಣ್ಣಲ್ಲ. ಕೂಡಿಸು ಎಂದ ಮೇಲೆ ನನ್ನ ಅಂಗೈ ಮೇಲಿನ ಭಾರ ಹೋಯಿತು. ಕೈ ಅಲ್ಲೇ ಇತ್ತು, ಅದರ ಮೇಲೆ ಬರೀ ನೀರಿತ್ತು. ಅವರು ನನ್ನ ಮುಂದೆ, ಕೈ ಚಾಚಿ, ಮುಖ ನೀರಿನೊಳಗಿಟ್ಟು, ಎರಡೂ ಪಾದ ಜೋಡಿಸಿ ಜಾರಿ ಹೋಗುತ್ತಿದ್ದರು. ಬೆಂಚಿನ ಮೇಲೆ ನಾವು ಸುಮ್ಮನೆ ಬಿದ್ದಿರುತ್ತಿದ್ದ ಆ ನಾಲ್ಕನೆಯದು ಅದೇ ಎಂದು ನನಗೆ ಆಗ ಅರ್ಥವಾಯಿತು. ಮತ್ತೆ ಮಡಚಿದರು, ಒದ್ದರು, ಮತ್ತೆ ಜಾರಿದರು. ಎಷ್ಟು ದೂರ ಹೋದರೆಂದು ಅಳೆದವರಿಲ್ಲ. ಮುಂದೆ ಅವರು ಹೇಳುವಾಗಲೆಲ್ಲ ಆ ದೂರ ಒಂದಿಷ್ಟು ಬೆಳೆಯುತ್ತಿತ್ತು.

ಎದ್ದು ನಿಂತರು. ಹಣೆಯ ಕೂದಲು ಹಿಂದಕ್ಕೆ ಸರಿಸಿದರು. ಸೂರ್ಯ ಪೂರ್ತಿ ಮೇಲೆ ಬಂದಿದ್ದ. ನನ್ನ ಕಡೆ ತಿರುಗಿ, ಮಾರ್ಕ್ಸ್ ಓದುವ ಹಳೆಯ ದನಿಯಲ್ಲಿ ಹೇಳಿದರು:

"ಸರಿಯಾಗೇ ಕಲಿಸಿದ್ದೆ."

ವಿನಯ್ ಟವಲ್ ಹೊದಿಸಿದ. ಗಿರೀಶ ಚಪ್ಪಾಳೆ ತಟ್ಟುತ್ತಿದ್ದ, ಮರಳು ಗುಡಿಸುತ್ತಿದ್ದ ಹೋಟೆಲಿನ ಹೆಂಗಸು ವಿಷಯ ತಿಳಿಯದಿದ್ದರೂ ಪೊರಕೆ ಕಂಕುಳಲ್ಲಿಟ್ಟು ತಾನೂ ತಟ್ಟಿದಳು.

ಆಮೇಲೆ ಮಿಸ್‌ಗೆ ಆ ಊರಿನಲ್ಲಿದ್ದ ಎಲ್ಲವೂ ಬೇಕಾಯಿತು. ಕುದುರೆ ಹತ್ತಿದರು, ಇಳಿಯಲು ಒಪ್ಪಲಿಲ್ಲ. ಮರಳಿನ ಮೇಲಿನ ಛತ್ರಿಯ ಕೆಳಗೆ ಕಾಲು ಒತ್ತಿಸಿಕೊಂಡು, ಒತ್ತುವವಳಿಗೆ ಮೀನಖಂಡ ಎಲ್ಲಿ ಹಿಡಿಯಬೇಕೆಂದು ತೋರಿಸಿಕೊಟ್ಟರು. ಮಾವಿನಹಣ್ಣಿನ ಜೊತೆ ಕೊಡುವ ತೆಂಗಿನಹಾಲಿನ ಅಂಟು ಅನ್ನ ತಿಂದು, ಇದಕ್ಕೆ ಒಂದು ಏಲಕ್ಕಿ ಬಿದ್ದಿದ್ದರೆ ನಮ್ಮದೇ ಆಗುತ್ತಿತ್ತು ಎಂದರು. ಅಂದು ಸಂಜೆ ಫ್ರಿಜ್‌ಗಳ ಮೇಲಿನ ಬಟ್ಟೆ ಹೋಗಿತ್ತು. ಗಿರೀಶ ತನ್ನ ಬಾಟಲಿಯನ್ನು ಅವರ ಎಳನೀರಿಗೆ ತಾಗಿಸಿ, ಆಂಟಿ, ಬೆಳಿಗ್ಗೆ ನಾನು ಎದ್ದಿದ್ದು ಒಳ್ಳೇದಾಯ್ತು ಎಂದ. ಬುದ್ಧನ ದಯೆ ಕಣಪ್ಪ ಎಂದರು ಮಿಸ್.

ಒಂದೂವರೆ ವರ್ಷದ ನಂತರ ವಿನಯ್‌ಗೆ ಮೆಲ್ಬರ್ನಿಗೆ ವರ್ಗವಾಯಿತು. ಮಿಸ್ ಜೊತೆಗೆ ಹೋಗಲಿಲ್ಲ. ಮೈಸೂರಿನಲ್ಲಿ ತಮ್ಮ ಶಾಲೆಯ ಹಳೆಯ ಡ್ರಾಯಿಂಗ್ ಮಿಸ್ ಜೊತೆ ಮನೆ ಮಾಡುತ್ತೇನೆ, ಕೆಲಸವಿದೆ ಎಂದರು. ಚಾಂಗಿ ವಿಮಾನ ನಿಲ್ದಾಣದಲ್ಲಿ ನಾನು ಅವರನ್ನು ಕೊನೆಯ ಸಲ ನೋಡಿದೆ. ಒಳಗೆ ಹೋಗುವ ಮುನ್ನ ಏನೋ ಆಶೀರ್ವಾದದ ಮಾತು ಹೇಳುತ್ತಾರೆಂದು ಬಗ್ಗಿ ಕಾಲು ಮುಟ್ಟಿದೆ. ಎಡಗಾಲು ಇನ್ನೂ ಸೋಮಾರಿ, ನೋಡ್ಕೋ ಎಂದರು. ಹೋದ ಮೇಲೆ ಅವರ ಫೋನ್ ಬರುತ್ತಿತ್ತು. ಕೆಲಸವೆಂದರೆ ಶಾಲೆಯ ಹುಡುಗಿಯರಿಗೆ ಈಜು, ಈ ಸಲ ಊರಿನ ಕೊಳದಲ್ಲೇ. ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದ್ದರು, ಒಪ್ಪದವರಿಗೆ ಥಾಯ್ಲೆಂಡಿನ ಸಮುದ್ರದ ಕತೆ ಹೇಳಿದ್ದರು. ಮುಂದೊಂದು ದಿನ ವಿನಯ್‌ನ ಮೆಸೇಜ್ ಬಂತು. ಹಿಂದಿನ ದಿನ ಕೊಳಕ್ಕೆ ಹೋಗಿ ಬಂದಿದ್ದರಂತೆ, ಬೆಳಿಗ್ಗೆ ಏಳಲಿಲ್ಲವಂತೆ.

ಅದನ್ನು ಓದಿದ ಮರುದಿನ ನಾನು ಬೇಗ ಕೆಳಗಿಳಿದೆ. ವಾಯ್ಡ್ ಡೆಕ್‌ನಲ್ಲಿ ಆಂಟಿಯರು ಎಂದಿನಂತೆ ಸಾಲಾಗಿ ನಿಂತಿದ್ದರು. ಸೀಟಿ ಇರಲಿಲ್ಲ. ಮುಂದೆ ನಿಂತಿದ್ದ ಚೀನೀ ಆಂಟಿ ಕೈತಟ್ಟಿ ಎಣಿಸುತ್ತಿದ್ದರು. ಉಚ್ಚಾರ ಸವೆದಿತ್ತು, ಆದರೂ ಅದು ಕನ್ನಡವೇ. ಮಡಚು ಎಂದರು, ಮಂಡಿಗಳು ಬಾಗಿದವು. ಬಿಡಿಸು, ಕೂಡಿಸು. ನಾನು ಚೀಲ ನೆಲಕ್ಕಿಟ್ಟು ಹಿಂದಿನ ಸಾಲಿಗೆ ಸೇರಿದೆ. ತೇಲು ಎಂದರು. ಎಲ್ಲರೂ ಕೈ ಮುಂದೆ ಚಾಚಿ, ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತೆವು.